ಸಿಡುಬು ಹೋಯಿತು, ಮಂಗನ ಕಾಯಿಲೆ ಯಾಕೆ ಹೋಗುತ್ತಿಲ್ಲ?

ಪ್ರಶ್ನೆ: ಸಿಡುಬನ್ನು ಲಸಿಕೆ ಹಾಕಿಯೇ ಓಡಿಸಿದರು. ಮಂಗನ ಕಾಯಿಲೆ 1957ರಿಂದಲೂ ಗೊತ್ತು, ಅದಕ್ಕೂ ಲಸಿಕೆ ಹಾಕಿದ್ದಾಯಿತು. ಆದರೂ ಬೇಸಿಗೆ ಬಂತೆಂದರೆ ಮತ್ತೆ ಬರುತ್ತದಲ್ಲ? ಸತ್ತ ಮಂಗಗಳನ್ನು ಸುಟ್ಟರೆ ಸಾಲದೆ?
— ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಸಿಡುಬಿನ ವೈರಸ್ಸಿಗೆ ಮನುಷ್ಯನನ್ನು ಬಿಟ್ಟರೆ ಬೇರೆ ನೆಲೆ ಇರಲಿಲ್ಲ. ರೋಗ ಬಂದವರ ಮೈಮೇಲೆ ಗುಳ್ಳೆ ಎದ್ದು ಕಾಣುತ್ತಿತ್ತು. ಅವರ ಸುತ್ತಲಿನವರಿಗೆ ಲಸಿಕೆ ಹಾಕಿದರೆ ಹರಡುವುದು ಅಲ್ಲಿಗೇ ನಿಲ್ಲುತ್ತಿತ್ತು. 1980ರಲ್ಲಿ ನಿರ್ಮೂಲನೆಯ ಘೋಷಣೆಯೂ ಆಯಿತು.

ಮಂಗನ ಕಾಯಿಲೆ ತರುವ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ವೈರಸ್ಸಿನ ಲೆಕ್ಕವೇ ಬೇರೆ. ಅದು ಉಳಿದಿರುವುದು ಉಣುಗಿನಲ್ಲಿ, ಇಲಿ–ಮೂಗಿಲಿಗಳಂಥ ಸಣ್ಣ ಪ್ರಾಣಿಗಳಲ್ಲಿ. ಉಣುಗು ಬೆಳೆಯುವ ಮೂರು ಹಂತಗಳಲ್ಲಿ ಬೇರೆ ಬೇರೆ ಪ್ರಾಣಿಗಳ ರಕ್ತ ಹೀರುತ್ತದೆ, ಒಂದು ಹಂತದಲ್ಲಿ ಹೊಕ್ಕ ವೈರಸ್ ಮುಂದಿನದಕ್ಕೂ ದಾಟುತ್ತದೆ. ಬಲಿತ ಉಣುಗಿಗೆ ದನದ ರಕ್ತ ಬೇಕು. ದನಕ್ಕೆ ಈ ಕಾಯಿಲೆ ಬಾಧಿಸುವುದಿಲ್ಲ, ಆದರೆ ಕಾಡಿಗೆ ಮೇಯಲು ಬಿಟ್ಟ ದನಗಳಿಂದ ಉಣುಗಿನ ಸಂತತಿ ಹೆಚ್ಚುತ್ತದೆ. ನಮ್ಮನ್ನು ಕಚ್ಚುವುದು ಹೆಚ್ಚಾಗಿ ಎಳೆಯ ಉಣುಗು. ಅದರ ಕಾಲ ಮಳೆ ನಿಂತ ಮೇಲೆ, ಹೆಚ್ಚುಕಡಿಮೆ ಡಿಸೆಂಬರಿನಿಂದ ಮೇ ತನಕ.

ಈ ರೋಗ ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ಸಮಾಧಾನದ ಮಾತೇ, ಆದರೆ ತೊಡಕಿರುವುದೂ ಅಲ್ಲೇ: ಊರಿಗೆ ಊರೇ ಲಸಿಕೆ ಹಾಕಿಸಿಕೊಂಡರೂ ಕಾಡಿನ ವೈರಸ್ ಗುಲಗಂಜಿಯಷ್ಟೂ ಕಡಿಮೆಯಾಗದು. ಹಳೆಯ ಲಸಿಕೆಯನ್ನು ತಿಂಗಳ ಅಂತರದಲ್ಲಿ ಎರಡು ಸಲ, 6ರಿಂದ 9 ತಿಂಗಳಿಗೆ ಬೂಸ್ಟರ್, ಆಮೇಲೆ ವರ್ಷಕ್ಕೊಮ್ಮೆ ಹಾಕಿಸಬೇಕಿತ್ತು. ಚುಚ್ಚಿದ ಜಾಗ ನೋಯುತ್ತಿತ್ತು. ಎಷ್ಟೋ ಜನ ನಡುವೆಯೇ ಕೈಬಿಟ್ಟರು. ಎರಡು ಡೋಸಿನಿಂದ ಸಿಕ್ಕ ರಕ್ಷಣೆಯೂ ಸುಮಾರು ಶೇ 62 ಮಾತ್ರ. ಈಗ ಅದರ ಬಳಕೆ ನಿಂತಿದೆ.

ಮಂಗನ ಹೆಣ ಸುಡುವುದು ಸರಿ, ಆದರೆ ಸಾಲದು. ಮಂಗ ಸಾಯುತ್ತಿದ್ದಂತೆ ಅದರ ಮೈಮೇಲಿನ ಉಣುಗುಗಳು ಕೆಳಗೆ ಉದುರಿ ತರಗೆಲೆಯಡಿ ಸೇರುತ್ತವೆ. ಅದಕ್ಕೇ ಸುತ್ತ 50 ಮೀಟರ್ ಮೆಲಾಥಿಯಾನ್ ಎಂಬ ಕೀಟನಾಶಕ ಹಾಕುವುದು. ನೀವೇ ಮುಟ್ಟಲು ಹೋಗಬೇಡಿ, ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಆ ಜಾಗದ ತರಗೆಲೆಯನ್ನಂತೂ ಕೊಟ್ಟಿಗೆಗೆ ತರಲೇಬೇಡಿ.

ಕಾಡಿಗೆ ಹೋಗುವ ಮುನ್ನ ಕೈಕಾಲಿಗೆ ಉಣುಗು ಹತ್ತಿರ ಬಾರದಂತೆ ತಡೆಯುವ ಡೆಪಾ ಎಣ್ಣೆ ಹಚ್ಚಿ. ಬಂದೊಡನೆ ಸೋಪು, ಬಿಸಿನೀರಿನ ಸ್ನಾನ. ತೊಟ್ಟ ಬಟ್ಟೆಗೂ ಬಿಸಿನೀರು. ಕಂಕುಳು, ತೊಡೆಸಂದು, ಕಿವಿಯ ಹಿಂದೆ ನೋಡಿಕೊಳ್ಳಿ. ಉಣುಗು ಕಚ್ಚಿಕೊಂಡಿದ್ದರೆ ಚಿಮುಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ನೇರವಾಗಿ ಎಳೆಯಿರಿ, ಬೆರಳಲ್ಲಿ ಹೊಸಕಬೇಡಿ. ಕಚ್ಚಿದ 3ರಿಂದ 8 ದಿನಗಳಲ್ಲಿ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ಹೇಳಿ, ರಕ್ತ ಪರೀಕ್ಷೆ ಮಾಡಿಸಿ. ರಕ್ತಸ್ರಾವದ ಭಯವಿರುವುದರಿಂದ ಆಸ್ಪಿರಿನ್ ಬೇಡ. ಜ್ವರ ಬಿಟ್ಟಿತೆಂದು ತೋಟದ ಕೆಲಸಕ್ಕೆ ಇಳಿಯಬೇಡಿ. ಕೆಲವರಿಗೆ ಒಂದೆರಡು ವಾರದಲ್ಲಿ ಅದು ಮರಳುತ್ತದೆ.