Re: ಶಿಮ್ಲಾದಿಂದ ಸ್ಪಿತಿ ಮೇಲೆ ಮನಾಲಿ, 8 ದಿನ ಸಾಕಾ?

ಗುರು, ಶಿಮ್ಲಾದಿಂದ ಸ್ಪಿತಿ ಕಣಿವೆ ಮೇಲೆ ಮನಾಲಿಗೆ ಸೈಕಲ್‌ನಲ್ಲಿ ಹೋಗೋಕೆ 8 ದಿನ ಸಾಲಲ್ಲ. ಹೆಚ್ಚುಕಡಿಮೆ 600 ಕಿ.ಮೀ. ಅಷ್ಟೇ ಅಲ್ವಾ, ದಿನಕ್ಕೆ 75 ಹೊಡೆದ್ರೆ ಆಯ್ತು ಅಂತ ಲೆಕ್ಕ ಹಾಕಿದೀರ, ಆದ್ರೆ ನಾರ್ಕಂಡದಿಂದ ಸಟ್ಲೆಜ್ ದಡಕ್ಕೆ ಜುಮ್ ಅಂತ ಇಳಿದು ರಾಮ್‌ಪುರಕ್ಕೆ ಬರೋಷ್ಟರಲ್ಲಿ ಗಳಿಸಿದ ಎತ್ತರ ಎಲ್ಲಾ ಹೋಗಿರುತ್ತೆ, ಮತ್ತೆ ಅಲ್ಲಿಂದ ಸ್ಪಿತಿಯ ಮುಖ್ಯ ಊರು ಕಾಜಾದ 3,600 ಮೀಟರ್‌ಗೂ ಮೇಲಕ್ಕೆ ತುಳೀಬೇಕು. ನಂದಿ ಬೆಟ್ಟ ವಾರಾ ವಾರಾ ಹತ್ತಿದ್ದು ಕಾಲಿಗೆ ಓಕೆ, ಶ್ವಾಸಕ್ಕೆ ಉಪಯೋಗಕ್ಕೆ ಬರಲ್ಲ :)

ಕನಿಷ್ಠ 12 ದಿನ ಇಟ್ಕೊಳ್ಳಿ. ಖಾಬ್‌ನಲ್ಲಿ ಸ್ಪಿತಿ ನದಿ ಸಟ್ಲೆಜ್‌ಗೆ ಸೇರುತ್ತಲ್ಲ, ಅಲ್ಲಿಂದ ನಾಕೋ ಹಳ್ಳಿಗೆ ಏರು ಸಕತ್ ಕಷ್ಟ, ನೆರಳೇ ಇಲ್ಲ, ಬೆಳಗ್ಗೆ ಬೇಗ ಶುರು ಮಾಡಿ. ನಾಕೋ ಅಥವಾ ತಾಬೋದಲ್ಲಿ ಎತ್ತರಕ್ಕೆ ಮೈ ಒಗ್ಗೋಕೆ ಒಂದಿನ ಸುಮ್ನೆ ಕೂತ್ಬಿಡಿ, ತಾಬೋ ಬೌದ್ಧ ಮಠ ಕ್ರಿ.ಶ. 996ರದ್ದು, ಹೇಗೂ ನೋಡ್ಲೇಬೇಕು.

ನೀವು ಹೇಳಿದ 28 ಎಂಎಂ ಸಣ್ಣ ಟೈರ್ ಅಂತೂ ಬೇಡ್ವೇ ಬೇಡ. ಕುಂಜುಮ್ ಪಾಸ್ (ಬೆಟ್ಟ ದಾಟೋ ಎತ್ತರದ ದಾರಿ) ದಾಟಿ ಬಾತಲ್‌ನಿಂದ ಗ್ರಾಂಫೂ ತನಕ ಬರೀ ಕಲ್ಲು, 45 ಎಂಎಂಗಿಂತ ಅಗಲದ್ದು ಹಾಕಿ. ಆ ಕಡೆ ರಸ್ತೆಗೆ ಅಡ್ಡ ಹರಿಯೋ ಹಳ್ಳಗಳಲ್ಲಿ ಮಧ್ಯಾಹ್ನ ಆದ್ಮೇಲೆ ಹಿಮ ಕರಗಿ ನೀರು ಜಾಸ್ತಿ ಆಗುತ್ತೆ, ಮುಂಜಾನೇನೇ ದಾಟ್ಬಿಡಿ. ನೀವು ಸೆಪ್ಟೆಂಬರ್‌ನಲ್ಲಿ ಹೋಗೋ ಆಯ್ಕೆ ಮಾತ್ರ ಸೂಪರ್. ತಲೆನೋವು, ವಾಂತಿ ಶುರುವಾದ್ರೆ ಹೀರೋಗಿರಿ ಬೇಡ, ಸೈಕಲ್ ಬಸ್ ಮೇಲೆ ಹಾಕಿ ಕೆಳಗಿಳೀರಿ, ನಾನೂ ಒಂದ್ಸಲ ಹಂಗೇ ವಾಪಸ್ ಬಂದಿದೀನಿ.