ಪೆನ್‌ಡ್ರೈವ್‌ನಲ್ಲೇ ಓಎಸ್: ಓದುಗರ ಪ್ರಶ್ನೆ, ನಮ್ಮ ಉತ್ತರ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ರಂದು ಬೆಂಬಲ ನಿಲ್ಲಿಸಿದ ಮೇಲೆ ಹಳೇ ಲ್ಯಾಪ್‌ಟಾಪ್ ಏನು ಮಾಡಲಿ ಎನ್ನುವ ಪ್ರಶ್ನೆಗಳೇ ಜಾಸ್ತಿ ಬರುತ್ತಿವೆ. ಈ ಸಲ ಪೆನ್‌ಡ್ರೈವ್‌ನಿಂದ ಓಎಸ್ (ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶ) ನಡೆಸುವುದಕ್ಕೆ ಸಂಬಂಧಿಸಿದ್ದನ್ನು ಮಾತ್ರ ಆರಿಸಿಕೊಂಡಿದ್ದೇನೆ.

ಪ್ರಶ್ನೆ: ಸರ್, ಮನೆಯಲ್ಲಿ 2012ರಲ್ಲಿ ಕೊಂಡ ಲ್ಯಾಪ್‌ಟಾಪ್ ಇದೆ. 2 ಜಿಬಿ ರ್‍ಯಾಮ್. ಹಾರ್ಡ್‌ಡಿಸ್ಕ್ ಪೂರ್ತಿ ಹೋಗಿದೆ, ಬೇರೆಲ್ಲ ಚೆನ್ನಾಗಿದೆ. ರಿಪೇರಿಯವರು ಗುಜರಿಗೆ ಹಾಕಿ ಅಂದರು. ಪೆನ್‌ಡ್ರೈವ್‌ಗೇ ಓಎಸ್ ಹಾಕಿ ನಡೆಸಬಹುದು ಅಂತ ಗೆಳೆಯ ಹೇಳುತ್ತಾನೆ. ತಮ್ಮನ ಓದಿಗೆ, ಅಪ್ಪನ ಕನ್ನಡ ಟೈಪಿಂಗ್‌ಗೆ ಸಾಕು. ಪಪ್ಪಿ, ಆಂಟಿಎಕ್ಸ್, ಲುಬುಂಟು ಎಂಬ ಉಚಿತ ಲಿನಕ್ಸ್ ಓಎಸ್‌ಗಳಲ್ಲಿ ಯಾವುದು ಹಾಕಲಿ?
– ಓದುಗರು, ತೀರ್ಥಹಳ್ಳಿ

ಉತ್ತರ: ಗುಜರಿಗೆ ಹಾಕಬೇಡಿ. ಖಂಡಿತ ನಡೆಯುತ್ತದೆ. ಮೊದಲು ಆ ಕೆಟ್ಟ ಹಾರ್ಡ್‌ಡಿಸ್ಕ್ ಬಿಚ್ಚಿ ಹೊರಗಿಡಿ. ಅದು ಒಳಗೇ ಇದ್ದರೆ ಪ್ರತಿ ಸಲ ಆನ್ ಮಾಡಿದಾಗಲೂ ಕಂಪ್ಯೂಟರ್ ಅದನ್ನು ಓದಲು ಒದ್ದಾಡಿ ಸುಮ್ನೆ ಹೊತ್ತು ಕಳೆಯುತ್ತದೆ.

ಯಾವ ಓಎಸ್ ಎನ್ನುವುದಕ್ಕಿಂತ ಮೊದಲು ಒಂದು ವಿಷಯ ಸ್ಪಷ್ಟವಾಗಬೇಕು. ಪೆನ್‌ಡ್ರೈವ್ ಹಾರ್ಡ್‌ಡಿಸ್ಕ್ ಅಲ್ಲ. ಒಂದು ದೊಡ್ಡ ಸಿನಿಮಾ ಫೈಲನ್ನು ಅದು ಬೇಗ ಓದಿಕೊಡುತ್ತದೆ, ಆದರೆ ಸಣ್ಣ ಸಣ್ಣ ಫೈಲುಗಳನ್ನು ಒಂದೇ ಸಮನೆ ಬರೆಯುತ್ತಾ ಅಳಿಸುತ್ತಾ ಇದ್ದರೆ ತೆವಳುತ್ತದೆ, ಮತ್ತು ಒಳಗಿನ ಫ್ಲ್ಯಾಶ್ ಚಿಪ್ಪಿನ ಪ್ರತಿ ಕೋಶಕ್ಕೂ ಇಷ್ಟು ಸಲ ಬರೆಯಬಹುದು ಎಂಬ ಮಿತಿ ಇರುವುದರಿಂದ ಅದರ ಆಯಸ್ಸೂ ಕರಗುತ್ತದೆ. ಮಾಮೂಲಿ ಓಎಸ್ ಇಡೀ ದಿನ ಮಾಡುವುದು ಇದೇ ಕೆಲಸ ಅಲ್ವಾ? ಲಾಗ್ ಬರೆಯುತ್ತದೆ, ಬ್ರೌಸರ್ ಕ್ಯಾಶ್ ಬರೆಯುತ್ತದೆ, ರ್‍ಯಾಮ್ ತುಂಬಿದರೆ ಹೆಚ್ಚಾದದ್ದನ್ನು ಸ್ವಾಪ್ ಎಂಬ ಜಾಗಕ್ಕೆ ಬರೆಯುತ್ತದೆ. ಹಾಗಾಗಿ ಪೆನ್‌ಡ್ರೈವ್‌ನಿಂದ ಓದಿಕೊಂಡು, ಬದಲಾವಣೆಗಳನ್ನೆಲ್ಲ ರ್‍ಯಾಮ್‌ನಲ್ಲೇ ಇಟ್ಟುಕೊಂಡು, ಮುಚ್ಚುವಾಗ ಒಮ್ಮೆ ಮಾತ್ರ ಬರೆಯುವಂಥ ಓಎಸ್ ನಿಮಗೆ ಬೇಕು.

ಪಪ್ಪಿ ಲಿನಕ್ಸ್ ಹುಟ್ಟಿದ್ದೇ ಈ ಯೋಚನೆಯಿಂದ. ಆಸ್ಟ್ರೇಲಿಯಾದ ಬ್ಯಾರಿ ಕೌಲರ್ 2003ರಲ್ಲಿ ಶುರು ಮಾಡಿದ್ದು. ಇಡೀ ಓಎಸ್ ಒಂದು ಕುಗ್ಗಿಸಿದ ಫೈಲಿನಲ್ಲಿರುತ್ತದೆ, ಅದನ್ನು ರ್‍ಯಾಮ್‌ಗೆ ಏರಿಸಿ ನಡೆಸುತ್ತದೆ. ಮೊದಲ ಸಲ ಶಟ್‌ಡೌನ್ ಮಾಡುವಾಗ ನಿಮ್ಮ ಬದಲಾವಣೆಗಳನ್ನು ಇಡಲು ಸೇವ್ ಫೈಲ್ ಮಾಡಲೇ ಎಂದು ಕೇಳುತ್ತದೆ, ಹೌದು ಅನ್ನಿ. ಪೆನ್‌ಡ್ರೈವ್ ಫ್ಯಾಟ್32 ಎಂಬ ಫಾರ್ಮ್ಯಾಟ್‌ನಲ್ಲಿದ್ದರೆ ಆ ಸೇವ್ ಫೈಲ್ 4 ಜಿಬಿ ಮೀರುವಂತಿಲ್ಲ. ನಡುನಡುವೆ ತಾನೇ ಸೇವ್ ಮಾಡುವ ಅಭ್ಯಾಸವೂ ಪಪ್ಪಿಗಿದೆ, ಸಾಮಾನ್ಯವಾಗಿ 30 ನಿಮಿಷಕ್ಕೊಮ್ಮೆ. ಇವೆಂಟ್ ಮ್ಯಾನೇಜರ್‌ಗೆ ಹೋಗಿ ಅದನ್ನು ಸೊನ್ನೆ ಮಾಡಿದರೆ ನೀವು ಹೇಳಿದಾಗ ಮಾತ್ರ ಬರೆಯುತ್ತದೆ. ವೇಗದಲ್ಲಿ ಇದನ್ನು ಮೀರಿಸುವುದು ಕಷ್ಟ. ಆದರೂ ಮನೆಮಂದಿಯೆಲ್ಲ ದಿನಾ ಬಳಸುವುದಕ್ಕೆ ನಾನು ಪಪ್ಪಿಯನ್ನು ಹೇಳುವುದಿಲ್ಲ. ಅದರಲ್ಲಿ ನೀವು ಶುರುವಿನಿಂದಲೇ ರೂಟ್ ಆಗಿರುತ್ತೀರಿ, ಅಂದರೆ ಯಾವ ತಡೆಯೂ ಇಲ್ಲದ ಪೂರ್ತಿ ಅಧಿಕಾರ. ನಿಮ್ಮ ತಮ್ಮ ಓದುವ ಕಂಪ್ಯೂಟರಿನಲ್ಲಿ ಅದು ಬೇಡ.

ಲುಬುಂಟು ಚೆಂದವೇ, ಆದರೆ 2 ಜಿಬಿಗೆ ಈಗ ಭಾರ. 19.04 ಆವೃತ್ತಿಯಿಂದ ಅದು ಹಳೇ 32 ಬಿಟ್ ಪ್ರೊಸೆಸರ್‌ಗಳನ್ನೂ ಕೈಬಿಟ್ಟಿದೆ.

ನಿಮ್ಮ ಯಂತ್ರಕ್ಕೆ ನನ್ನ ಆಯ್ಕೆ ಆಂಟಿಎಕ್ಸ್. ಡೆಬಿಯನ್ ಎಂಬ ದೊಡ್ಡ ಲಿನಕ್ಸ್ ಮೇಲೆ ಕಟ್ಟಿದ್ದು, ಹಾಗಾಗಿ ಬೇಕಾದ ಸಾಫ್ಟ್‌ವೇರ್ ಎಲ್ಲ ಸಿಗುತ್ತದೆ. ಸುಮ್ನೆ ಕೂತಾಗ ಕೆಲವೇ ನೂರು ಎಂಬಿ ರ್‍ಯಾಮ್ ತಿನ್ನುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಪೆನ್‌ಡ್ರೈವ್‌ನಿಂದ ನಡೆಸುವುದನ್ನು ಇದನ್ನು ಮಾಡಿದವರು ತುಂಬಾ ಆಸ್ಥೆಯಿಂದ ಯೋಚಿಸಿದ್ದಾರೆ.

ಎರಡು ಪೆನ್‌ಡ್ರೈವ್ ಇಟ್ಟುಕೊಳ್ಳಿ, ಒಂದು ಚಿಕ್ಕದು, ಇನ್ನೊಂದು 16 ಅಥವಾ 32 ಜಿಬಿಯದು. ಎರಡರಲ್ಲಿ ಇರುವುದೂ ಅಳಿಸಿಹೋಗುತ್ತದೆ, ಫೋಟೊ ಗೀಟೊ ಇದ್ದರೆ ಮೊದಲೇ ಬೇರೆಡೆ ಇಡಿ. ಗೆಳೆಯನ ಕಂಪ್ಯೂಟರಿನಲ್ಲಿ ಆಂಟಿಎಕ್ಸ್‌ನ ಅಧಿಕೃತ ತಾಣದಿಂದಲೇ ಐಎಸ್‌ಒ ಫೈಲ್ (ಇಡೀ ಓಎಸ್ ಒಂದೇ ಫೈಲಾಗಿರುವುದು) ಇಳಿಸಿ. ಅಲ್ಲಿ ಕೊಟ್ಟಿರುವ ಶಾ256 ಮೊತ್ತಕ್ಕೆ (ಫೈಲಿನ ಬೆರಳಚ್ಚಿನಂಥದ್ದು) ನಿಮ್ಮ ಫೈಲಿನದು ತಾಳೆಯಾಗುತ್ತದೆಯೇ ನೋಡಿ. ನೆಟ್ ಕಡಿದು ಕಡಿದು ಬರುವ ಊರುಗಳಲ್ಲಿ ಅರ್ಧಂಬರ್ಧ ಇಳಿದ ಫೈಲಿನಿಂದಲೇ ಅರ್ಧ ತೊಂದರೆಗಳು ಹುಟ್ಟುತ್ತವೆ. ಆಮೇಲೆ ರುಫಸ್ ಎಂಬ ಸಾಧನ ಬಳಸಿ ಅದನ್ನು ಚಿಕ್ಕ ಪೆನ್‌ಡ್ರೈವ್‌ಗೆ ಬರೆಯಿರಿ. ನಿಮ್ಮ ಲ್ಯಾಪ್‌ಟಾಪ್ ಆನ್ ಮಾಡುತ್ತಿದ್ದಂತೆ ಬೂಟ್ ಮೆನು (ಯಾವುದರಿಂದ ಓಎಸ್ ತೆರೆಯಬೇಕೆಂದು ಕೇಳುವ ಪಟ್ಟಿ) ಕೀ ಒತ್ತುತ್ತಾ ಇರಿ. ಡೆಲ್, ಲೆನೊವೊಗಳಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಸ್ಕೇಪ್ ಒತ್ತಿ ಎಫ್9. ಏಸರ್‌ನಲ್ಲಿ ಎಫ್12 ಕೆಲಸ ಮಾಡದಿದ್ದರೆ ಬಯೋಸ್ (ಓಎಸ್‌ಗೂ ಮೊದಲು ಬರುವ ಸೆಟ್ಟಿಂಗ್ ಪರದೆ) ಒಳಗೆ ಎಫ್12 ಬೂಟ್ ಮೆನು ಎಂಬುದನ್ನು ಮೊದಲು ಆನ್ ಮಾಡಬೇಕು.

ಆಂಟಿಎಕ್ಸ್ ತೆರೆದುಕೊಂಡ ಮೇಲೆ ಎರಡನೇ ಪೆನ್‌ಡ್ರೈವ್ ಸಿಕ್ಕಿಸಿ, ಆಂಟಿಎಕ್ಸ್‌ನಲ್ಲೇ ಇರುವ ಲೈವ್ ಯುಎಸ್‌ಬಿ ಮೇಕರ್‌ನಿಂದ ಇದನ್ನೇ ಅದಕ್ಕೆ ಬರೆಯಿರಿ. ಎರಡು ಸಲ ಯಾಕೆ ಅಂತೀರಾ? ಐಎಸ್‌ಒವನ್ನು ಇದ್ದಂತೆಯೇ ನಕಲು ಮಾಡಿದರೆ ಅದು ಓದಲು ಮಾತ್ರ ಬರುವಂಥದ್ದಾಗಿ ಉಳಿಯಬಹುದು. ಈ ಮೇಕರ್‌ನಿಂದ ಬರೆದದ್ದು ನಿಮ್ಮ ಬದಲಾವಣೆಗಳನ್ನು ನೆನಪಿಟ್ಟುಕೊಳ್ಳುತ್ತದೆ. ಇನ್ನು ಮುಂದೆ ದೊಡ್ಡ ಪೆನ್‌ಡ್ರೈವ್‌ನಿಂದಲೇ ಬೂಟ್ ಮಾಡಿ, ಮೆನುವಿನಲ್ಲಿ ಪರ್ಸಿಸ್ಟೆನ್ಸ್ (ಬದಲಾವಣೆ ಉಳಿಸಿಕೊಳ್ಳುವುದು) ಆರಿಸಿ. ರೂಟ್ ಪರ್ಸಿಸ್ಟೆನ್ಸ್ ಎಂಬುದರಲ್ಲಿ ಬದಲಾವಣೆಗಳು ರ್‍ಯಾಮ್‌ನಲ್ಲಿದ್ದು ಮುಚ್ಚುವಾಗ ಸೇವ್ ಆಗುತ್ತವೆ. ಸ್ಟ್ಯಾಟಿಕ್ ಎಂಬುದರಲ್ಲಿ ನೇರ ಪೆನ್‌ಡ್ರೈವ್‌ಗೆ ಹೋಗುತ್ತವೆ. ದಿನನಿತ್ಯಕ್ಕೆ ಮೊದಲನೆಯದು ಇರಲಿ, ಲಿಬ್ರೆಆಫೀಸ್‌ನಂಥ ದೊಡ್ಡ ಸಾಫ್ಟ್‌ವೇರ್ ಹಾಕುವ ದಿನ ಸ್ಟ್ಯಾಟಿಕ್‌ನಲ್ಲಿ ಬೂಟ್ ಮಾಡಿ, ಇಲ್ಲದಿದ್ದರೆ ನಿಮ್ಮ 2 ಜಿಬಿ ನಡುವೆಯೇ ತುಂಬಿಹೋಗುತ್ತದೆ. ಎಲ್ಲವನ್ನೂ ರ್‍ಯಾಮ್‌ಗೆ ಏರಿಸುವ ಆಯ್ಕೆಯೂ ಅಲ್ಲಿದೆ, ಅಷ್ಟು ರ್‍ಯಾಮ್‌ನಲ್ಲಿ ಆಂಟಿಎಕ್ಸ್‌ನ ಪೂರ್ಣ ಆವೃತ್ತಿಗೆ ಅದು ಆಗುವುದಿಲ್ಲ.

ಹೀಗೆ ಇನ್‌ಸ್ಟಾಲ್ ಮಾಡದೆ ನಡೆಸುವ ಲೈವ್ ಆಂಟಿಎಕ್ಸ್‌ನಲ್ಲಿ ಬಳಕೆದಾರನ ಹೆಸರೂ ಡೆಮೊ, ಪಾಸ್‌ವರ್ಡೂ ಡೆಮೊ. ರೂಟ್‌ನದು ರೂಟ್. ಇದು ಜಗತ್ತಿಗೇ ಗೊತ್ತಿರುವ ವಿಷಯ, ಮೊದಲ ದಿನವೇ ಎರಡನ್ನೂ ಬದಲಿಸಿ. ಶಟ್‌ಡೌನ್ ಕೊಟ್ಟ ಮೇಲೆ ಲ್ಯಾಪ್‌ಟಾಪ್ ಪೂರ್ತಿ ಆಫ್ ಆಗುವ ತನಕ ಪೆನ್‌ಡ್ರೈವ್ ಎಳೆಯಬೇಡಿ, ಸೇವ್ ಆಗುವುದು ಆಗಲೇ.

ನಿರೀಕ್ಷೆಯ ಬಗ್ಗೆ ಒಂದು ಮಾತು. ಓಎಸ್ ಎಷ್ಟೇ ಹಗುರವಾದರೂ ಬ್ರೌಸರ್ ಹಗುರವಾಗಿಲ್ಲ. ನಾಲ್ಕೈದು ಟ್ಯಾಬ್ ತೆರೆದರೆ 2 ಜಿಬಿ ಮುಗಿಯುತ್ತದೆ. ಒಂದೆರಡು ಟ್ಯಾಬ್‌ನಲ್ಲಿ ಪಾಠದ ವಿಡಿಯೊ, ಪಿಡಿಎಫ್, ಬರವಣಿಗೆ ಇಷ್ಟಕ್ಕೆ ಚೆನ್ನಾಗಿ ಆಗುತ್ತದೆ. ಹಳೇ ರ್‍ಯಾಮ್ ಕಡ್ಡಿ ಎಲ್ಲಾದರೂ ಕಡಿಮೆಗೆ ಸಿಕ್ಕಿ 4 ಜಿಬಿ ಮಾಡಿಕೊಂಡರಂತೂ ಬೇರೆಯೇ ಲ್ಯಾಪ್‌ಟಾಪ್ ಆಗುತ್ತದೆ.

ಪ್ರಶ್ನೆ: ಈ ಪರ್ಸಿಸ್ಟೆನ್ಸ್ ತಲೆನೋವೇ ಬೇಡ, ಹಾರ್ಡ್‌ಡಿಸ್ಕ್‌ಗೆ ಹಾಕುವ ಹಾಗೆ ಪೆನ್‌ಡ್ರೈವ್‌ಗೇ ಪೂರ್ತಿ ಇನ್‌ಸ್ಟಾಲ್ ಮಾಡಿದರೆ ಆಗಲ್ವಾ? ಒಳಗಿನ ಡಿಸ್ಕ್‌ನಲ್ಲಿ ವಿಂಡೋಸ್ ಇದೆ, ಅದು ಹಾಗೇ ಇರಬೇಕು.
– ಓದುಗರು, ಹುಬ್ಬಳ್ಳಿ

ಉತ್ತರ: ಆಗುತ್ತದೆ, ಆದರೆ ನಿಧಾನದ ವಿಷಯ ಮೇಲೆ ಹೇಳಿದ್ದೇನೆ. ನಿಮ್ಮ ವಿಷಯದಲ್ಲಿ ಅದಕ್ಕಿಂತ ದೊಡ್ಡ ಅಪಾಯ ಬೂಟ್‌ಲೋಡರ್‌ನದು, ಅಂದರೆ ಆನ್ ಮಾಡಿದಾಗ ಓಎಸ್ ಎಬ್ಬಿಸುವ ಪುಟ್ಟ ತಂತ್ರಾಂಶದ್ದು. ಉಬುಂಟು ಬಳಗದ ಕೆಲವು ಇನ್‌ಸ್ಟಾಲರ್‌ಗಳು ಯುಇಎಫ್‌ಐ (ಬಯೋಸ್‌ನ ಹೊಸ ರೂಪ) ಇರುವ ಯಂತ್ರಗಳಲ್ಲಿ ನೀವು ಪೆನ್‌ಡ್ರೈವ್ ಆರಿಸಿದ್ದರೂ ಬೂಟ್‌ಲೋಡರನ್ನು ಒಳಗಿನ ಡಿಸ್ಕ್‌ನ ಇಎಫ್‌ಐ ಭಾಗದಲ್ಲಿ ಹೋಗಿ ಕೂರಿಸುತ್ತವೆ. ಆಗ ಪೆನ್‌ಡ್ರೈವ್ ತೆಗೆದು ಆನ್ ಮಾಡಿದರೆ ವಿಂಡೋಸ್ ಬದಲು ಗ್ರಬ್ ಎಂಬ ಲಿನಕ್ಸ್ ಬೂಟ್‌ಲೋಡರ್‌ನ ಕಪ್ಪು ಪರದೆ ಬರುತ್ತದೆ. ವಿಂಡೋಸ್ ಅಳಿಸಿಹೋಗಿರುವುದಿಲ್ಲ, ಬಯೋಸ್‌ನ ಬೂಟ್ ಸಾಲಿನಲ್ಲಿ ವಿಂಡೋಸ್ ಬೂಟ್ ಮ್ಯಾನೇಜರನ್ನು ಮೇಲೆ ತಂದರೆ ಮರಳುತ್ತದೆ, ಆದರೆ ಇದು ಗೊತ್ತಿಲ್ಲದೆ ಗಾಬರಿಯಲ್ಲಿ ಡಿಸ್ಕ್ ಫಾರ್ಮ್ಯಾಟ್ ಮಾಡಿಸಿ ವರ್ಷಗಳ ಫೋಟೊ ಕಳಕೊಳ್ಳುವವರನ್ನು ನೆನೆದರೆ ಸಂಕಟವಾಗುತ್ತದೆ.

ಮಾಡಲೇಬೇಕೆಂದಿದ್ದರೆ ಇನ್‌ಸ್ಟಾಲ್ ಮಾಡುವಷ್ಟು ಹೊತ್ತು ಒಳಗಿನ ಡಿಸ್ಕ್ ಕಳಚಿಡಿ. ಇನ್ನೊಂದು ದಾರಿ, ಪೆನ್‌ಡ್ರೈವ್ ಬದಲು ಚಿಕ್ಕದೊಂದು ಎಸ್‌ಎಸ್‌ಡಿಯನ್ನು ಯುಎಸ್‌ಬಿ ಕೇಸ್‌ನಲ್ಲಿ ಹಾಕಿಕೊಳ್ಳುವುದು. ಪೂರ್ತಿ ಇನ್‌ಸ್ಟಾಲ್‌ಗೆ ಅದು ನಿಜವಾಗಿ ತಕ್ಕದ್ದು, ಜೇಬಿಗೂ ಹಿಡಿಸುತ್ತದೆ. ನೀಲಿ ಬಣ್ಣದ ಯುಎಸ್‌ಬಿ 3 ಕಿಂಡಿಗೇ ಸಿಕ್ಕಿಸಿ: ಯುಎಸ್‌ಬಿ 2ರ ಗರಿಷ್ಠ ಸೆಕೆಂಡಿಗೆ 480 ಮೆಗಾಬಿಟ್, 3.0ರದು 5 ಗಿಗಾಬಿಟ್.

ವಿಂಡೋಸ್‌ನಲ್ಲಿ ಡಿಸ್ಕ್‌ಗೆ ಬೀಗ ಹಾಕುವ ಬಿಟ್‌ಲಾಕರ್ ಆನ್ ಇದ್ದರೆ ಅದರ ರಿಕವರಿ ಕೀ ಮೊದಲೇ ಬರೆದಿಟ್ಟುಕೊಳ್ಳಿ. ಸಹಿಯಿಲ್ಲದ ಓಎಸ್ ತೆರೆಯದಂತೆ ತಡೆಯುವ ಸೆಕ್ಯೂರ್ ಬೂಟ್ ಆಫ್ ಮಾಡಿದರೆ ಮುಂದಿನ ಸಲ ವಿಂಡೋಸ್ ಆ ಕೀ ಕೇಳಬಹುದು.

ಪ್ರಶ್ನೆ: ಆನ್‌ಲೈನ್‌ನಲ್ಲಿ 2 ಟಿಬಿ ಪೆನ್‌ಡ್ರೈವ್ ತೀರಾ ಅಗ್ಗಕ್ಕೆ ಕಾಣುತ್ತಿದೆ. ಓಎಸ್ ಹಾಕಲು ತಗೊಳ್ಳಲಾ?
– ಓದುಗರು, ದಾವಣಗೆರೆ

ಉತ್ತರ: ಬೇಡ. ಅಂಥವುಗಳಲ್ಲಿ ಬಹಳಷ್ಟು ನಕಲಿ. ಒಳಗಿರುವ ಚಿಪ್ ಚಿಕ್ಕದು, ಕಂಟ್ರೋಲರ್ ಮಾತ್ರ 2 ಟಿಬಿ ಎಂದು ಸುಳ್ಳು ಹೇಳುತ್ತದೆ. ನಿಜವಾದ ಜಾಗ ತುಂಬಿದ ಮೇಲೆ ಬರೆದದ್ದೆಲ್ಲ ಮಾಯ. ಯಾವ ಪೆನ್‌ಡ್ರೈವ್ ತಂದರೂ ಓಎಸ್ ಹಾಕುವ ಮೊದಲು ವಿಂಡೋಸ್‌ನಲ್ಲಾದರೆ ಎಚ್2ಟೆಸ್ಟ್‌ಡಬ್ಲ್ಯು, ಲಿನಕ್ಸ್‌ನಲ್ಲಾದರೆ ಎಫ್3 ಎಂಬ ಉಚಿತ ಸಾಧನದಿಂದ ತುಂಬಿಸಿ ಓದಿಸಿ ಪರೀಕ್ಷಿಸಿ.

ಪ್ರಶ್ನೆ: ಹಗುರ ಲಿನಕ್ಸ್‌ನಲ್ಲಿ ಕನ್ನಡ ಸರಿಯಾಗಿ ಬರುತ್ತಾ? ನುಡಿಯಲ್ಲಿ ಟೈಪ್ ಮಾಡಿದ ಹಳೇ ಫೈಲುಗಳು ನೂರಾರಿವೆ.
– ನಿವೃತ್ತ ಶಿಕ್ಷಕರು, ಸಿದ್ದಾಪುರ

ಉತ್ತರ: ಬರುತ್ತದೆ ಮೇಷ್ಟ್ರೇ, ಚೆನ್ನಾಗಿ ಬರುತ್ತದೆ. ಹಗುರ ಓಎಸ್‌ಗಳಲ್ಲಿ ಮೊದಲಿಗೆ ಕನ್ನಡದ ಜಾಗದಲ್ಲಿ ಚೌಕ ಡಬ್ಬಿಗಳು ಕಂಡರೆ ಹೆದರಬೇಡಿ, ಜಾಗ ಉಳಿಸಲು ಫಾಂಟ್ ಬಿಟ್ಟಿರುತ್ತಾರೆ ಅಷ್ಟೇ. ಡೆಬಿಯನ್ ಮೂಲದ್ದಾದರೆ ಪ್ಯಾಕೇಜ್ ಇನ್‌ಸ್ಟಾಲರ್‌ನಲ್ಲಿ ಕನ್ನಡ ಫಾಂಟ್‌ಗಳ ಗೊಂಚಲು ಸಿಗುತ್ತದೆ, ಲೋಹಿತ್ ಜೊತೆಗೆ ಗುಬ್ಬಿ, ನವಿಲು ಫಾಂಟ್‌ಗಳೂ ಬರುತ್ತವೆ. ಕೀಲಿಮಣೆ ಸೆಟ್ಟಿಂಗ್‌ನಲ್ಲಿ ಕನ್ನಡ ಕಗಪ ಎಂಬ ವಿನ್ಯಾಸ ಮೊದಲೇ ಇರುತ್ತದೆ. ಇದು ಕೆ.ಪಿ. ರಾವ್ ಅವರ ವಿನ್ಯಾಸದಿಂದ ಬಂದದ್ದು, ನುಡಿಯಲ್ಲಿ ಪಳಗಿದ ನಿಮ್ಮ ಬೆರಳಿಗೆ ಹೊಸದು ಹೆಚ್ಚೇನೂ ಕಲಿಯುವುದಿರುವುದಿಲ್ಲ. ಅರ್ಕಾವತ್ತು ಒಂದನ್ನು ಮೊದಲು ಟೈಪ್ ಮಾಡಿ ನೋಡಿಕೊಳ್ಳಿ, ಕಾರ್ಯ, ಸೂರ್ಯ ಸರಿ ಬಂದರೆ ಉಳಿದದ್ದೂ ಸರಿ.

ಹಳೇ ಫೈಲುಗಳದು ಬೇರೆ ಕಥೆ. ಅವು ಯೂನಿಕೋಡ್ (ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲದ ಫಾಂಟ್‌ನಲ್ಲಿದ್ದರೆ ಯಾವ ಓಎಸ್‌ನಲ್ಲಿ ತೆರೆದರೂ ಆ ಫಾಂಟ್ ಇಲ್ಲದೆ ಇಂಗ್ಲಿಷ್ ಅಕ್ಷರಗಳ ಗೋಜಲಾಗಿ ಕಾಣುತ್ತವೆ. ನುಡಿಯಲ್ಲೇ ಪರಿವರ್ತಕ ಇದೆ. ವಿಂಡೋಸ್ ಇರುವ ಕಂಪ್ಯೂಟರ್ ಕೈಯಲ್ಲಿರುವಾಗಲೇ ಎಲ್ಲವನ್ನೂ ಯೂನಿಕೋಡ್‌ಗೆ ಬದಲಿಸಿ, ಒತ್ತಕ್ಷರಗಳನ್ನೂ ಅಂಕಿಗಳನ್ನೂ ಮೂಲದ ಜೊತೆ ಹೋಲಿಸಿ ನೋಡಿ. ಬದಲಿಸಿದ ಫೈಲುಗಳನ್ನು ಓಎಸ್ ಇರುವ ಪೆನ್‌ಡ್ರೈವ್‌ನಲ್ಲಿ ಮಾತ್ರ ಇಡಬೇಡಿ. ಅದರದ್ದೊಂದು ನಕಲು ಬೇರೆ ಡಿಸ್ಕ್‌ನಲ್ಲಿ, ಮೂಲ ಫೈಲುಗಳೂ ಅದರ ಪಕ್ಕದಲ್ಲೇ ಇರಲಿ.