ಅಕ್ಷರಕ್ಕೆ ಅಂಚು, ಅಂಚಿಗೆ ಪದರ: ಓದುಗರ ಪ್ರಶ್ನೆಗಳು

ಪ್ರಶ್ನೆ: ಶರಣಬಸವೇಶ್ವರ ಜಾತ್ರೆಯ ಫ್ಲೆಕ್ಸ್‌ಗೆ ಇಂಕ್‌ಸ್ಕೇಪ್ ಎಂಬ ವಿನ್ಯಾಸ ತಂತ್ರಾಂಶದಲ್ಲಿ ‘ಜಾತ್ರಾ ಮಹೋತ್ಸವ’ ಎಂದು ಬರೆದು ಬಿಳಿ ಅಂಚು ಕೊಟ್ಟೆ. ಅಂಚು ದಪ್ಪವಾದಷ್ಟೂ ಅಕ್ಷರ ಸೊರಗುತ್ತದೆ. ‘ತ್ರಾ’, ‘ತ್ಸ’ಗಳ ಒತ್ತು ಕೂಡುವಲ್ಲಿ ಬಿಳಿ ಗೆರೆ ಅಡ್ಡ ಬರುತ್ತದೆ. ಏನು ಮಾಡಲಿ?
— ಓದುಗರು, ಕಲಬುರಗಿ

ಉತ್ತರ: ಇವು ಎರಡು ಬೇರೆ ತೊಂದರೆಗಳು. ಸ್ಟ್ರೋಕ್, ಅಂದರೆ ನೀವು ಕೊಡುವ ಅಂಚು, ಅಕ್ಷರದ ಅಂಚುಗೆರೆಯ ನಟ್ಟನಡುವೆ ಕೂರುತ್ತದೆ. 20 ಮಿ.ಮೀ. ಕೊಟ್ಟರೆ 10 ಹೊರಗೆ, 10 ಒಳಗೆ; ಒಳಗಿನದು ಅಕ್ಷರದ ಮೈಯನ್ನೇ ತಿನ್ನುತ್ತದೆ. ಇನ್ನು ಅಡ್ಡಗೆರೆ: ಒತ್ತು, ಕೊಂಬು, ದೀರ್ಘಗಳನ್ನು ಫಾಂಟು ಬಿಡಿ ತುಂಡುಗಳಾಗಿ ಒಂದರ ಮೇಲೊಂದು ತಾಗಿಸಿ ಇಡುತ್ತದೆ. ಪ್ರತಿ ತುಂಡಿಗೂ ತನ್ನದೇ ಅಂಚು ಬೀಳುತ್ತದೆ.

ಮೊದಲು ಪಠ್ಯದ ಒಂದು ನಕಲು ಪುಟದ ಹೊರಗಿರಲಿ, ಕಾಗುಣಿತ ತಿದ್ದಲು ಬೇಕಾದೀತು. ನಂತರ ಪಾತ್ ಮೆನುವಿನ ಆಬ್ಜೆಕ್ಟ್ ಟು ಪಾತ್ (ಪಠ್ಯ ಬರಿಯ ಗೆರೆಯಾಕಾರವಾಗುತ್ತದೆ), ಅನ್‌ಗ್ರೂಪ್, ಆಮೇಲೆ ತುಂಡುಗಳನ್ನು ಬೆಸೆಯುವ ಯೂನಿಯನ್. ಅಡ್ಡಗೆರೆಗಳು ಅಲ್ಲಿಗೇ ಮಾಯ. ಒಂದೇ ಅಂಚು ಸಾಕೆಂದರೆ ಸ್ಟ್ರೋಕ್ ಸ್ಟೈಲ್‌ನ ಆರ್ಡರ್‌ನಲ್ಲಿ ಸ್ಟ್ರೋಕ್ ಅನ್ನು ಫಿಲ್‌ನ (ಒಳಬಣ್ಣದ) ಕೆಳಗೆ ಇಡಿ, ಮುಗಿಯಿತು.

ಜಾತ್ರೆಯ ಫ್ಲೆಕ್ಸ್‌ಗೆ ಒಂದು ಅಂಚು ಯಾರಿಗೂ ಸಾಲದು, ಆದ್ದರಿಂದ ಪದರದ ದಾರಿ ಹೇಳುತ್ತೇವೆ. ಅಕ್ಷರ ಒಂದು ಅಡಿ ಎತ್ತರ ಎಂದುಕೊಳ್ಳಿ. ಕಂಟ್ರೋಲ್ ಡಿ ಒತ್ತಿ ನಕಲು ಮಾಡಿ, ಎಂಡ್ ಕೀಲಿಯಿಂದ ತಳಕ್ಕೆ ಕಳಿಸಿ, ಫಿಲ್ ಮತ್ತು ಸ್ಟ್ರೋಕ್ ಎರಡಕ್ಕೂ ಬಿಳಿ ಕೊಟ್ಟು ಸ್ಟ್ರೋಕ್ 20 ಮಿ.ಮೀ. ಮಾಡಿ. ಮತ್ತೆ ಮೇಲಿನ ಮೂಲ ಅಕ್ಷರವನ್ನೇ ನಕಲು ಮಾಡಿ ತಳಕ್ಕಿಳಿಸಿ, ಕುಂಕುಮ ಬಣ್ಣದಲ್ಲಿ 32 ಮಿ.ಮೀ. ಕೊಡಿ. ಬಿಳಿಯ ಹೊರಗೆ 6 ಮಿ.ಮೀ. ಕುಂಕುಮ ಕಾಣುತ್ತದೆ. ಸ್ಟ್ರೋಕಿನ ಮೂಲೆ, ಅಂದರೆ ಜಾಯಿನ್, ರೌಂಡ್ ಇರಲಿ. ಮೈಟರ್ ಇದ್ದರೆ ತಲಕಟ್ಟಿನ ಚೂಪು ತುದಿಯಲ್ಲಿ ಮುಳ್ಳು ಏಳುತ್ತದೆ.

ತಳದ ಪದರದಲ್ಲಿ ‘ಮ’, ‘ವ’ಗಳ ಹೊಟ್ಟೆಯೊಳಗೆ ಸಣ್ಣ ತೂತು ಉಳಿದು ಕೊಳಕಾಗಿ ಕಾಣುವುದುಂಟು. ಆ ಪದರಕ್ಕೆ ಮಾತ್ರ ಬ್ರೇಕ್ ಅಪಾರ್ಟ್ ಮಾಡಿ ಮತ್ತೆ ಯೂನಿಯನ್ ಮಾಡಿದರೆ ತೂತು ಮುಚ್ಚುತ್ತದೆ. ಮೇಲಿನ ಪದರಕ್ಕೆ ಇದನ್ನು ಮಾಡಿದರೆ ಅಕ್ಷರದ ಹೊಟ್ಟೆಯೂ ತುಂಬಿ ಓದಲಾಗದು. ನೆರಳು ಬೇಕೇ? ತಳದ ಪದರವನ್ನೇ ನಕಲು ಮಾಡಿ ಕಪ್ಪು ಬಳಿದು ಬಲಕ್ಕೂ ಕೆಳಕ್ಕೂ 8 ಮಿ.ಮೀ. ಸರಿಸಿ, ಎಲ್ಲಕ್ಕಿಂತ ಕೆಳಗಿಡಿ. ಇದಕ್ಕೂ ಮೇಲೆ ಪದರ ಹೇರುವುದು ನಮ್ಮ ಕಣ್ಣಿಗೆ ಒಗ್ಗದು.

ಹತ್ತನೇ ಒಂದು ಅಳತೆಯಲ್ಲಿ ಕೆಲಸ ಮಾಡುವವರು ಸ್ಟ್ರೋಕನ್ನೂ ಹತ್ತನೇ ಒಂದರಷ್ಟೇ ಕೊಟ್ಟು, ಸೆಲೆಕ್ಟರ್ ಪಟ್ಟಿಯಲ್ಲಿ ಸ್ಕೇಲ್ ಸ್ಟ್ರೋಕ್ ವಿಡ್ತ್ ಒತ್ತಿರಬೇಕು. ಇಲ್ಲವಾದರೆ ಹಿಗ್ಗಿಸಿದಾಗ ಅಕ್ಷರ ಬೆಳೆಯುತ್ತದೆ, ಅಂಚು ಕೂದಲೆಳೆಯಾಗಿ ಉಳಿಯುತ್ತದೆ.

ಪ್ರಶ್ನೆ: ಬಿದ್ರಿ ಅಂಗಡಿಯ ಗಾಜಿಗೆ ಕಪ್ಪು ಅಂಚಿನ ಬೆಳ್ಳಿ ಬಣ್ಣದ ಅಕ್ಷರ ಬೇಕು. ಪರದೆಯಲ್ಲಿ ಚೆನ್ನಾಗಿದೆ, ಆದರೆ ವಿನೈಲ್ ಹಾಳೆ ಕತ್ತರಿಸುವ ಪ್ಲಾಟರ್ ಯಂತ್ರ ಅಂಚನ್ನು ಕತ್ತರಿಸುವುದೇ ಇಲ್ಲ.
— ಓದುಗರು, ಬೀದರ್

ಉತ್ತರ: ಪ್ಲಾಟರ್ ಬ್ಲೇಡು ಪಾತ್ ಹಿಡಿದು ಹೋಗುತ್ತದೆ, ಸ್ಟ್ರೋಕಿನ ದಪ್ಪ ಅದಕ್ಕೆ ಕಾಣದು. ಕಪ್ಪು ಪದರಕ್ಕೆ ಸ್ಟ್ರೋಕ್ ಟು ಪಾತ್ ಮಾಡಿ, ಗುಂಪಾಗಿ ಬಂದರೆ ಬಿಡಿಸಿ ಯೂನಿಯನ್ ಮಾಡಿ. ಕಳಿಸುವ ಮುನ್ನ ವ್ಯೂ ಮೆನುವಿನಲ್ಲಿ ಔಟ್‌ಲೈನ್ ನೋಟಕ್ಕೆ ಹೋಗಿ. ಅಲ್ಲಿ ಅಕ್ಷರದೊಳಗೆ ಗೆರೆ ಕಂಡರೆ ವಿನೈಲ್ ಕೂಡ ಅಲ್ಲೇ ಸೀಳುತ್ತದೆ. ಕಪ್ಪು ಪದರವನ್ನು ಬೆಳ್ಳಿ ಅಕ್ಷರದ ಆಕಾರಕ್ಕೆ ಕೊರೆಯಬೇಡಿ, ಇಡಿಯಾಗಿ ಬಿಟ್ಟು ಅದರ ಮೇಲೆ ಬೆಳ್ಳಿ ಅಕ್ಷರ ಅಂಟಿಸಿ. ಕೊರೆದರೆ ಕೈ ಕೂದಲಷ್ಟು ಸರಿದರೂ ಗಾಜು ಇಣುಕುತ್ತದೆ. ಅಂಚು 2 ಮಿ.ಮೀ.ಗಿಂತ ಕಡಿಮೆ ಬೇಡ. ಗಾಜಿನ ಒಳಮೈಗೆ ಅಂಟಿಸುವುದಾದರೆ ಎರಡನ್ನೂ ಅಡ್ಡಕ್ಕೆ ಫ್ಲಿಪ್ ಮಾಡಿ, ಬೆಳ್ಳಿ ಮೊದಲು, ಕಪ್ಪು ಅದರ ಹಿಂದೆ.

ಪ್ರಶ್ನೆ: ನುಡಿ ಫಾಂಟಿನ ಫೈಲು ಪ್ರೆಸ್ಸಿನಲ್ಲಿ ಇಂಗ್ಲಿಷ್ ಗೀಚಾಗಿ ತೆರೆಯಿತು.
— ಓದುಗರು, ಯಾದಗಿರಿ

ಉತ್ತರ: ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡ ಆಕಾರ ಕೂರಿಸಿಕೊಂಡಿವೆ. ಅಲ್ಲಿ ಆ ಫಾಂಟಿಲ್ಲ, ಹೀಗಾಗಿ ಮೂಲ ಸಂಕೇತ ಹೊರಬಿದ್ದಿದೆ. ಪಾತ್ ಮಾಡಿದ ಪ್ರತಿಯನ್ನೇ ಪ್ರೆಸ್ಸಿಗೆ ಕೊಡಿ. ಕೋರೆಲ್ ಡ್ರಾ ತಂತ್ರಾಂಶದಲ್ಲಾದರೆ ಅದಕ್ಕೆ ಕಂಟ್ರೋಲ್ ಕ್ಯೂ ಒತ್ತಿ.